ಬಿಲ್, ಬಿಲ್ ವಿವರ, ಪಾವತಿ: ಮೂರು ಕೋಷ್ಟಕಗಳನ್ನು ಜಾಯಿನ್ ಮಾಡಿದಾಗ ಮೊತ್ತ ಹೆಚ್ಚಾಗಿ ಬರುವುದೇಕೆ?

ಪ್ರಶ್ನೆ – ಮುಲುಂಡ್, ಮುಂಬಯಿ

ಎಲ್ಲರಿಗೂ ನಮಸ್ಕಾರ. ಮುಲುಂಡ್‌ನಲ್ಲಿರುವ ನಮ್ಮ ಸೋದರಮಾವನವರ ಉಡುಪಿ ಹೋಟೆಲಿನ ತಿಂಗಳ ಲೆಕ್ಕವನ್ನು ವರದಿಯಾಗಿ ತೆಗೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಿಲ್ಲಿಂಗ್ ಯಂತ್ರದ ಮಾಹಿತಿಯೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಒಂದೇ ಕೋಷ್ಟಕದಿಂದ ಬೇಕಾದ ಸಾಲುಗಳನ್ನು ತೆಗೆಯುವುದು, ಗ್ರೂಪ್ ಬೈ ಬಳಸಿ ಸಾಲುಗಳನ್ನು ಗುಂಪು ಮಾಡಿ ಮೊತ್ತ ಹಾಕುವುದು ನನಗೆ ಬರುತ್ತದೆ. ಆದರೆ ಮೂರು ನಾಲ್ಕು ಕೋಷ್ಟಕಗಳನ್ನು ಒಂದೇ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ) ಸೇರಿಸಿದಾಗ ಒಳಗೆ ಏನು ನಡೆಯುತ್ತದೆ ಎಂಬುದು ಸ್ಪಷ್ಟವಾಗಿಲ್ಲ. ಓದುವ ಅನುಕೂಲಕ್ಕಾಗಿ ಕೋಷ್ಟಕಗಳ ಹೆಸರನ್ನೂ ಆಜ್ಞೆಗಳನ್ನೂ ಇಲ್ಲಿ ಕನ್ನಡದಲ್ಲಿಯೇ ಬರೆದಿದ್ದೇನೆ.

‘ಬಿಲ್’ ಕೋಷ್ಟಕದಲ್ಲಿ ಬಿಲ್ ಸಂಖ್ಯೆ, ದಿನಾಂಕ ಮತ್ತು ಬಡಿಸಿದ ವೇಟರ್‌ನ ಸಂಖ್ಯೆ ಇದೆ. ‘ಬಿಲ್_ವಿವರ’ದಲ್ಲಿ ಬಿಲ್ ಸಂಖ್ಯೆ, ತಿಂಡಿಯ ಸಂಖ್ಯೆ, ಪ್ರಮಾಣ, ದರ ಇವೆ. ‘ಪಾವತಿ’ಯಲ್ಲಿ ಬಿಲ್ ಸಂಖ್ಯೆ, ಪಾವತಿಯ ಬಗೆ ಮತ್ತು ಮೊತ್ತ ಇದೆ, ಗಿರಾಕಿ ಸ್ವಲ್ಪ ನಗದು, ಸ್ವಲ್ಪ ಯುಪಿಐ ಕೊಟ್ಟರೆ ಒಂದೇ ಬಿಲ್‌ಗೆ ಎರಡು ಸಾಲುಗಳಾಗುತ್ತವೆ. ಇವಲ್ಲದೆ ‘ತಿಂಡಿ’ ಮತ್ತು ‘ಸಿಬ್ಬಂದಿ’ ಎಂಬ ಇನ್ನೆರಡು ಕೋಷ್ಟಕಗಳಿವೆ. ಜೂನ್ ತಿಂಗಳ ಮಾರಾಟವನ್ನೂ ಗಲ್ಲಾಕ್ಕೆ ಬಂದ ಹಣವನ್ನೂ ಒಟ್ಟಿಗೆ ನೋಡಲು ಹೀಗೆ ಬರೆದೆ:

ಸೆಲೆಕ್ಟ್ ಸಮ್(ವಿ.ಪ್ರಮಾಣ * ವಿ.ದರ), ಸಮ್(ಪಾ.ಮೊತ್ತ)
ಫ್ರಮ್ ಬಿಲ್ ಬಿ
ಜಾಯಿನ್ ಬಿಲ್_ವಿವರ ವಿ ಆನ್ ವಿ.ಬಿಲ್_ಸಂಖ್ಯೆ = ಬಿ.ಬಿಲ್_ಸಂಖ್ಯೆ
ಜಾಯಿನ್ ಪಾವತಿ ಪಾ ಆನ್ ಪಾ.ಬಿಲ್_ಸಂಖ್ಯೆ = ಬಿ.ಬಿಲ್_ಸಂಖ್ಯೆ
ವೇರ್ ಬಿ.ದಿನಾಂಕ >= '2025-06-01' ಆ್ಯಂಡ್ ಬಿ.ದಿನಾಂಕ < '2025-07-01'

ಎರಡೂ ಮೊತ್ತಗಳು ಗಲ್ಲಾದ ಪುಸ್ತಕಕ್ಕಿಂತ ಬಹಳ ಹೆಚ್ಚಾಗಿ ಬರುತ್ತಿವೆ. ಅದಲ್ಲದೆ, ಸಿಬ್ಬಂದಿ ಕೋಷ್ಟಕವನ್ನು ಸೇರಿಸಿದರೆ ಪಾರ್ಸೆಲ್ ಬಿಲ್‌ಗಳು ಕಾಣೆಯಾಗುತ್ತವೆ. ಜೂನ್‌ನಲ್ಲಿ ಒಂದೂ ಮಾರಾಟವಾಗದ ತಿಂಡಿಗಳ ಪಟ್ಟಿಗಾಗಿ, ಜೋಡಿ ಸಿಗದಿದ್ದರೂ ಎಡಗಡೆಯ ಸಾಲನ್ನು ಉಳಿಸುವ ಲೆಫ್ಟ್ ಜಾಯಿನ್ ಬಳಸಿದರೂ ಅಂತಹ ತಿಂಡಿಗಳು ಬರುತ್ತಿಲ್ಲ. ಬಲ್ಲವರು ದಯವಿಟ್ಟು ಮೂಲದಿಂದ ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ 1 – ಹಿಂಜೆವಾಡಿ, ಪುಣೆ

ನಿಮ್ಮ ಮೊದಲ ತೊಂದರೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಅದೊಂದು ಸರಿಯಾಗಿ ಅರ್ಥವಾದರೆ ಉಳಿದವುಗಳ ಅರ್ಧ ದಾರಿ ಸವೆದಂತೆ.

ಜಾಯಿನ್ ಎಂದರೆ ಎರಡು ಕೋಷ್ಟಕಗಳ ಸಾಲುಗಳನ್ನು ಜೋಡಿ ಮಾಡುವುದು. ಎಡಗಡೆಯ ಪ್ರತಿಯೊಂದು ಸಾಲನ್ನೂ ಬಲಗಡೆಯ ಪ್ರತಿಯೊಂದು ಸಾಲಿನೊಂದಿಗೆ ಇಟ್ಟು ನೋಡಿ, ಆನ್ ಎಂಬಲ್ಲಿ ಬರೆದ ಷರತ್ತು ನಿಜವಾದ ಜೋಡಿಗಳನ್ನು ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಡೇಟಾಬೇಸ್ ಇದನ್ನು ಇಷ್ಟು ಪೆದ್ದಾಗಿ ಮಾಡುವುದಿಲ್ಲ ಎಂಬುದು ಬೇರೆ ಮಾತು, ಆದರೆ ಬರುವ ಫಲಿತಾಂಶ ಹೀಗೆ ಮಾಡಿದಾಗ ಬರುವುದಕ್ಕೆ ಯಾವಾಗಲೂ ಸಮನಾಗಿರಲೇಬೇಕು. ಮೂರನೆಯ ಕೋಷ್ಟಕ ಬಂದಾಗ ಅದು ಮೊದಲನೆಯದರೊಂದಿಗೆ ಪ್ರತ್ಯೇಕವಾಗಿ ಸೇರುವುದಿಲ್ಲ. ಮೊದಲೆರಡು ಸೇರಿ ಹುಟ್ಟಿದ ಮಧ್ಯಂತರ ಫಲಿತಾಂಶದ ಪ್ರತಿ ಸಾಲಿನೊಂದಿಗೂ ಅದು ಜೋಡಿಯಾಗುತ್ತದೆ. ನಿಮ್ಮ ಲೆಕ್ಕ ತಪ್ಪುತ್ತಿರುವುದು ಇಲ್ಲಿಯೇ.

ಒಂದೇ ಬಿಲ್ ತೆಗೆದುಕೊಂಡು ಕೈಯಲ್ಲಿ ಬಿಡಿಸೋಣ. ಬಿಲ್ 412ರಲ್ಲಿ ಮಸಾಲೆ ದೋಸೆ 90 ರೂಪಾಯಿ, ಇಡ್ಲಿ ವಡೆ 70 ರೂಪಾಯಿ, ಮೂವತ್ತರಂತೆ ಎರಡು ಫಿಲ್ಟರ್ ಕಾಫಿ 60 ರೂಪಾಯಿ ಎಂದಿರಲಿ, ಒಟ್ಟು 220. ಗಿರಾಕಿ 100 ರೂಪಾಯಿ ನಗದು, 120 ರೂಪಾಯಿ ಯುಪಿಐ ಕೊಟ್ಟಿದ್ದಾರೆ. ಬಿಲ್ ಕೋಷ್ಟಕದ ಒಂದು ಸಾಲು ಬಿಲ್_ವಿವರದ ಮೂರು ಸಾಲುಗಳೊಂದಿಗೆ ಸೇರಿದಾಗ ಮೂರು ಸಾಲುಗಳಾದವು. ಈ ಮೂರರಲ್ಲಿ ಪ್ರತಿಯೊಂದರಲ್ಲೂ ಬಿಲ್ ಸಂಖ್ಯೆ 412 ಇರುವುದರಿಂದ ಪ್ರತಿಯೊಂದೂ ಪಾವತಿಯ ಎರಡು ಸಾಲುಗಳೊಂದಿಗೆ ಸೇರಿ ಆರು ಸಾಲುಗಳಾದವು:

ದೋಸೆ 90 – ನಗದು 100
ದೋಸೆ 90 – ಯುಪಿಐ 120
ಇಡ್ಲಿ ವಡೆ 70 – ನಗದು 100
ಇಡ್ಲಿ ವಡೆ 70 – ಯುಪಿಐ 120
ಕಾಫಿ 60 – ನಗದು 100
ಕಾಫಿ 60 – ಯುಪಿಐ 120

ಎಡಗಡೆಯ ಮೊತ್ತ 440, ಬಲಗಡೆಯದು 660. ಮಾರಾಟವು ಪಾವತಿಗಳ ಸಂಖ್ಯೆಯಷ್ಟು ಪಟ್ಟು ಹೆಚ್ಚಿತು, ಪಾವತಿಯು ತಿಂಡಿಗಳ ಸಂಖ್ಯೆಯಷ್ಟು ಪಟ್ಟು ಹೆಚ್ಚಿತು. ಒಂದೊಂದು ಬಿಲ್‌ನಲ್ಲಿ ಈ ಪಟ್ಟು ಒಂದೊಂದು ಬಗೆಯಾಗಿರುವುದರಿಂದ ಕೊನೆಯ ಮೊತ್ತವನ್ನು ಯಾವುದೋ ಸಂಖ್ಯೆಯಿಂದ ಭಾಗಿಸಿ ಸರಿಪಡಿಸಲು ಬರುವುದಿಲ್ಲ. ದೋಸೆಗೂ ಯುಪಿಐಗೂ ನೇರವಾದ ಸಂಬಂಧವೇ ಇಲ್ಲ. ಇಬ್ಬರೂ ಒಂದೇ ಬಿಲ್‌ಗೆ ಸೇರಿದವರು ಎಂಬುದಷ್ಟೇ ಸಂಬಂಧ. ಸಂಬಂಧವಿಲ್ಲದ ಈ ಎರಡನ್ನು ನಿಮ್ಮ ಕ್ವೆರಿ ಜೋಡಿ ಮಾಡಿಸುತ್ತಿದೆ.

ಆದ್ದರಿಂದ ನಾನು ಯಾವ ಜಾಯಿನ್ ಬರೆಯುವ ಮೊದಲೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಕೋಷ್ಟಕದ ಒಂದು ಸಾಲು ಏನನ್ನು ಹೇಳುತ್ತದೆ, ಮತ್ತು ಫಲಿತಾಂಶದ ಒಂದು ಸಾಲು ಏನನ್ನು ಹೇಳಬೇಕು? ನಿಮಗೆ ಬೇಕಾದುದು ಬಿಲ್‌ಗೆ ಒಂದು ಸಾಲು. ಹಾಗಾದರೆ ಬಿಲ್_ವಿವರವನ್ನೂ ಪಾವತಿಯನ್ನೂ ಮೊದಲು ಬಿಲ್‌ಗೆ ಒಂದೊಂದೇ ಸಾಲಾಗುವಂತೆ ಮಡಚಿ, ಆಮೇಲೆ ಜಾಯಿನ್ ಮಾಡಬೇಕು:

ವಿತ್ ಮಾರಾಟ ಆ್ಯಸ್ (
  ಸೆಲೆಕ್ಟ್ ಬಿಲ್_ಸಂಖ್ಯೆ, ಸಮ್(ಪ್ರಮಾಣ * ದರ) ಆ್ಯಸ್ ಮೊತ್ತ
  ಫ್ರಮ್ ಬಿಲ್_ವಿವರ ಗ್ರೂಪ್ ಬೈ ಬಿಲ್_ಸಂಖ್ಯೆ ),
ವಸೂಲಿ ಆ್ಯಸ್ (
  ಸೆಲೆಕ್ಟ್ ಬಿಲ್_ಸಂಖ್ಯೆ, ಸಮ್(ಮೊತ್ತ) ಆ್ಯಸ್ ಮೊತ್ತ
  ಫ್ರಮ್ ಪಾವತಿ ಗ್ರೂಪ್ ಬೈ ಬಿಲ್_ಸಂಖ್ಯೆ )
ಸೆಲೆಕ್ಟ್ ಬಿ.ಬಿಲ್_ಸಂಖ್ಯೆ, ಮಾ.ಮೊತ್ತ, ಕೋಅಲೆಸ್(ವ.ಮೊತ್ತ, 0)
ಫ್ರಮ್ ಬಿಲ್ ಬಿ
ಲೆಫ್ಟ್ ಜಾಯಿನ್ ಮಾರಾಟ ಮಾ ಆನ್ ಮಾ.ಬಿಲ್_ಸಂಖ್ಯೆ = ಬಿ.ಬಿಲ್_ಸಂಖ್ಯೆ
ಲೆಫ್ಟ್ ಜಾಯಿನ್ ವಸೂಲಿ ವ ಆನ್ ವ.ಬಿಲ್_ಸಂಖ್ಯೆ = ಬಿ.ಬಿಲ್_ಸಂಖ್ಯೆ

ವಿತ್ ಎಂಬುದು ಮಧ್ಯಂತರ ಫಲಿತಾಂಶಗಳಿಗೆ ಹೆಸರಿಡುತ್ತದೆ, ಕೋಅಲೆಸ್ ಎಂಬುದು ಮೊತ್ತ ಇಲ್ಲದ ಕಡೆ 0 ಇಡುತ್ತದೆ. ದಿನಾಂಕದ ವೇರ್ ಷರತ್ತನ್ನು ಕೊನೆಯಲ್ಲಿ ಮೊದಲಿನಂತೆಯೇ ಸೇರಿಸಿಕೊಳ್ಳಿ. ಇಲ್ಲಿ ಲೆಫ್ಟ್ ಜಾಯಿನ್ ಬಳಸಿರುವುದಕ್ಕೆ ಕಾರಣವಿದೆ. ಹತ್ತಿರದ ಆಫೀಸುಗಳ ಉದ್ರಿ ಖಾತೆ ಇದ್ದರೆ ಅಂತಹ ಬಿಲ್‌ಗಳಿಗೆ ಪಾವತಿಯ ಸಾಲೇ ಇರುವುದಿಲ್ಲ. ಬರಿಯ ಜಾಯಿನ್ ಬರೆದರೆ ಆ ಬಿಲ್‌ಗಳು ಮಾರಾಟದ ಲೆಕ್ಕದಿಂದಲೂ ಬಿದ್ದುಹೋಗುತ್ತವೆ. ಅಂದರೆ ನಿಮ್ಮ ಮೂಲ ಕ್ವೆರಿಯಲ್ಲಿ ಕೆಲವು ಬಿಲ್‌ಗಳು ಉಬ್ಬುತ್ತಿರುವಾಗಲೇ ಬೇರೆ ಕೆಲವು ಸದ್ದಿಲ್ಲದೆ ಮಾಯವಾಗುತ್ತಿರಬಹುದು.

ಉತ್ತರ 2 – ವಾಶಿ, ನವಿ ಮುಂಬಯಿ

ಅಷ್ಟು ಉದ್ದ ಬರೆಯುವ ಅಗತ್ಯವಿದೆಯೇ? ಸಮ್(ಡಿಸ್ಟಿಂಕ್ಟ್ ಪಾ.ಮೊತ್ತ) ಎಂದು ಬರೆದರೆ ಪುನರಾವರ್ತನೆ ತಾನಾಗಿ ಹೋಗುತ್ತದೆಯಲ್ಲವೇ?

ಉತ್ತರ 1 ಬರೆದವರು – ಹಿಂಜೆವಾಡಿ, ಪುಣೆ

ಹೋಗುವುದಿಲ್ಲ, ಈ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬಾರದು. ಡಿಸ್ಟಿಂಕ್ಟ್ ಎಂಬುದು ಬೆಲೆಗಳನ್ನು ನೋಡುತ್ತದೆಯೇ ಹೊರತು ಅವು ಯಾವ ಸಾಲಿನಿಂದ ಬಂದವು ಎಂಬುದನ್ನು ನೋಡುವುದಿಲ್ಲ. ಇಬ್ಬರು ಸ್ನೇಹಿತರು 220 ರೂಪಾಯಿಯ ಬಿಲ್ಲನ್ನು ಸಮನಾಗಿ ಹಂಚಿಕೊಂಡು ತಲಾ 110 ಕೊಟ್ಟರೆ, ಡಿಸ್ಟಿಂಕ್ಟ್ ಅದನ್ನು ಒಂದೇ 110 ಎಂದು ಎಣಿಸುತ್ತದೆ. ಇಡೀ ತಿಂಗಳ ಮೇಲೆ ಇದನ್ನು ಹಾಕಿದರೆ 100 ರೂಪಾಯಿಯ ಪಾವತಿಗಳೆಲ್ಲವೂ ಸೇರಿ ಒಂದೇ ನೂರಾಗುತ್ತದೆ. ಅಕ್ಕಪಕ್ಕದಲ್ಲಿ ಬೇಡದ ಸಾಲುಗಳು ಕಂಡಾಗ ಸೆಲೆಕ್ಟ್ ಪಕ್ಕದಲ್ಲಿ ಡಿಸ್ಟಿಂಕ್ಟ್ ಸೇರಿಸುವುದು ಬಹಳ ಕಡೆ ರೂಢಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ಹಾಗೆ ಸೇರಿಸಬೇಕೆನ್ನಿಸಿದ ಕೂಡಲೇ ಕೈ ತಡೆದು, ಯಾವ ಜಾಯಿನ್ ಆ ಸಾಲುಗಳನ್ನು ಹೆಚ್ಚಿಸಿತು ಎಂದು ಹುಡುಕಬೇಕು. ಬಿಲ್ ಕೋಷ್ಟಕವೊಂದನ್ನೇ ಇಟ್ಟು ಸಾಲುಗಳನ್ನು ಎಣಿಸಿ, ಒಂದೊಂದೇ ಜಾಯಿನ್ ಸೇರಿಸುತ್ತ ಮತ್ತೆ ಮತ್ತೆ ಎಣಿಸಿದರೆ ಸಂಖ್ಯೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದು ನೇರವಾಗಿ ಕಾಣುತ್ತದೆ.

ಉತ್ತರ 3 – ಮಡಗಾಂವ್, ಗೋವಾ

ಮೇಲಿನ ವಿವರಣೆ ಸೊಗಸಾಗಿದೆ. ಉಳಿದೆರಡು ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ. ಕಾಲೇಜಿನಲ್ಲಿ ಈ ವಿಷಯ ಪಾಠ ಮಾಡುವಾಗ ಒಂದರ ಮೇಲೊಂದು ಹಾಯುವ ಎರಡು ವೃತ್ತಗಳ ಚಿತ್ರ ಬರೆದು ಜಾಯಿನ್ ವಿವರಿಸುವ ಪದ್ಧತಿಯನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಆ ಚಿತ್ರದಲ್ಲಿ ಸಾಲುಗಳು ಹೆಚ್ಚುವ ಸಾಧ್ಯತೆಯೇ ಕಾಣುವುದಿಲ್ಲ. ಮೂರು ಮತ್ತು ಎರಡು ಸೇರಿ ಆರಾಗುವುದನ್ನು ವೃತ್ತಗಳಲ್ಲಿ ತೋರಿಸಲಾಗದು. ಎಡ್ಗರ್ ಕಾಡ್ ಅವರು 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು (ಮಾಹಿತಿಯನ್ನು ಕೋಷ್ಟಕಗಳಾಗಿ ಕಾಣುವ ಪದ್ಧತಿಯನ್ನು) ಮಂಡಿಸಿದ ಪ್ರಬಂಧದಲ್ಲಿಯೂ ಜಾಯಿನ್ ಎಂಬುದು ಸಮಾನವಾದ ಕಾಲಂ ಒಂದರ ಮೂಲಕ ಎರಡು ಸಂಬಂಧಗಳನ್ನು, ಅಂದರೆ ಕೋಷ್ಟಕಗಳನ್ನು, ಜೋಡಿಸುವ ಕ್ರಿಯೆಯಾಗಿಯೇ ಬರುತ್ತದೆ.

ಪಾರ್ಸೆಲ್ ಬಿಲ್‌ಗಳ ವಿಷಯ ಸುಲಭ. ಪಾರ್ಸೆಲ್‌ಗೆ ಬಡಿಸಿದವರಿಲ್ಲ, ಆದ್ದರಿಂದ ವೇಟರ್ ಸಂಖ್ಯೆಯ ಜಾಗದಲ್ಲಿ ನಲ್, ಅಂದರೆ ಏನನ್ನೂ ತುಂಬಿಲ್ಲವೆಂಬ ಗುರುತು, ಇದೆ. ನಲ್ ಅನ್ನು ಯಾವುದರೊಂದಿಗೆ ಹೋಲಿಸಿದರೂ, ಇನ್ನೊಂದು ನಲ್‌ನೊಂದಿಗೆ ಹೋಲಿಸಿದರೂ, ಉತ್ತರ ನಿಜವೂ ಅಲ್ಲ ಸುಳ್ಳೂ ಅಲ್ಲ, ‘ತಿಳಿಯದು’ ಎಂದಾಗುತ್ತದೆ. ಆನ್ ಷರತ್ತು ನಿಜವಾದ ಜೋಡಿಗಳನ್ನು ಮಾತ್ರ ಉಳಿಸುವುದರಿಂದ ಆ ಬಿಲ್‌ಗಳು ಹೊರಬೀಳುತ್ತವೆ. ಬಿಲ್ ಕೋಷ್ಟಕವನ್ನು ಎಡಗಡೆಗಿಟ್ಟು ಸಿಬ್ಬಂದಿಗೆ ಲೆಫ್ಟ್ ಜಾಯಿನ್ ಮಾಡಿದರೆ ಅವು ಉಳಿದು, ಹೆಸರಿನ ಜಾಗ ಮಾತ್ರ ಖಾಲಿ ಇರುತ್ತದೆ. ಇದೇ ನಲ್ ಇನ್ನೊಂದು ಕಡೆ ನಿಮ್ಮನ್ನು ಕಾಡಬಹುದು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಈ ತಿಂಗಳು ಒಂದೂ ಬಿಲ್ ಮಾಡದ ಸಿಬ್ಬಂದಿ ಯಾರು ಎಂದು ತಿಳಿಯಲು, ಸಿಬ್ಬಂದಿ ಸಂಖ್ಯೆಯು ಬಿಲ್ ಕೋಷ್ಟಕದ ವೇಟರ್ ಸಂಖ್ಯೆಗಳ ಪಟ್ಟಿಯಲ್ಲಿ ಇಲ್ಲ (ನಾಟ್ ಇನ್) ಎಂದು ಬರೆದರೆ, ಆ ಪಟ್ಟಿಯಲ್ಲಿ ಒಂದೇ ಒಂದು ಪಾರ್ಸೆಲ್ ಬಿಲ್‌ನ ನಲ್ ಇದ್ದರೂ ಫಲಿತಾಂಶ ಪೂರ್ತಿ ಖಾಲಿ ಬರುತ್ತದೆ. ದೋಷದ ಸೂಚನೆಯೂ ಇರುವುದಿಲ್ಲ. ಅಂತಹ ಕಡೆ, ಹೊಂದುವ ಸಾಲು ಒಂದೂ ಇಲ್ಲವೇ ಎಂದು ನೋಡುವ ನಾಟ್ ಎಕ್ಸಿಸ್ಟ್ಸ್ ಬಳಸುವುದೇ ಕ್ಷೇಮ.

ಮಾರಾಟವಾಗದ ತಿಂಡಿಗಳ ಪ್ರಶ್ನೆ ಸ್ವಲ್ಪ ಸೂಕ್ಷ್ಮವಾದುದು. ನಿಮ್ಮ ಕ್ವೆರಿಯನ್ನು ನೀವು ಕೊಟ್ಟಿಲ್ಲವಾದರೂ, ಅದು ಹೀಗಿರಬಹುದೆಂದು ಊಹಿಸುತ್ತೇನೆ: ತಿಂಡಿಯಿಂದ ಬಿಲ್_ವಿವರಕ್ಕೆ ಲೆಫ್ಟ್ ಜಾಯಿನ್, ಅಲ್ಲಿಂದ ಬಿಲ್‌ಗೆ ಬರಿಯ ಜಾಯಿನ್, ಕೊನೆಗೆ ವೇರ್‌ನಲ್ಲಿ ಜೂನ್ ತಿಂಗಳ ದಿನಾಂಕ. ಮೊದಲ ಹೆಜ್ಜೆಯಲ್ಲಿ ಯಾರೂ ಕೇಳದ ಮಿಸಳ್ ಪಾವ್ ಕೂಡ ಒಂದು ಸಾಲಾಗಿ ಉಳಿಯುತ್ತದೆ, ಅದರ ಬಿಲ್ ಸಂಖ್ಯೆ ನಲ್. ಎರಡನೆಯ ಹೆಜ್ಜೆಯ ಬರಿಯ ಜಾಯಿನ್ ಆ ನಲ್‌ಗೆ ಹೊಂದುವ ಬಿಲ್ ಇಲ್ಲವೆಂದು ಸಾಲನ್ನೇ ಎಸೆಯುತ್ತದೆ. ಲೆಫ್ಟ್ ಜಾಯಿನ್ ಕಾಪಾಡಿ ಕೊಟ್ಟಿದ್ದನ್ನು ಅದರ ಮುಂದಿನ ಜಾಯಿನ್ ಕಳೆದುಹಾಕಿತು.

ಹಾಗಾದರೆ ಎರಡನ್ನೂ ಲೆಫ್ಟ್ ಜಾಯಿನ್ ಮಾಡಿದರೆ ಸಾಕೇ ಎಂದರೆ, ಸಾಲದು. ವೇರ್ ಎಂಬುದು ಎಲ್ಲ ಜಾಯಿನ್‌ಗಳು ಮುಗಿದ ಮೇಲೆ ಕೆಲಸ ಮಾಡುತ್ತದೆ. ದಿನಾಂಕ ನಲ್ ಇರುವ ಸಾಲು ‘ಜೂನ್ 1ರ ನಂತರ’ ಎಂಬ ಷರತ್ತನ್ನು ದಾಟಲಾರದೆ ಅಲ್ಲಿಯೂ ಬಿದ್ದುಹೋಗುತ್ತದೆ. ದಿನಾಂಕದ ಷರತ್ತನ್ನು ಬಿಲ್‌ನ ಆನ್‌ಗೆ ಸಾಗಿಸಿದರೆ ಬೇರೊಂದು ತೊಡಕು: ಮೇ ತಿಂಗಳಲ್ಲಿ ಮಾರಾಟವಾದ ವಿವರದ ಸಾಲುಗಳು ಬಿಲ್ ಭಾಗ ಖಾಲಿಯಾಗಿ ಉಳಿದುಕೊಳ್ಳುತ್ತವೆ. ಜೂನ್‌ನಲ್ಲಿ ಮಾರಾಟವಾದ ದೋಸೆಗೂ ಮೇ ತಿಂಗಳಿನ ಖಾಲಿ ಸಾಲುಗಳಿರುವುದರಿಂದ, ‘ಬಿಲ್ ನಲ್ ಇರುವವು’ ಎಂದು ಕೇಳಿದರೆ ದೋಸೆಯೂ ಮಾರಾಟವಾಗದ ತಿಂಡಿಗಳ ಪಟ್ಟಿಗೆ ಬಂದು ನಿಲ್ಲುತ್ತದೆ. ಬಿಲ್_ವಿವರ ಮತ್ತು ಬಿಲ್ ಎರಡೂ ಸೇರಿಯೇ ‘ಜೂನ್ ತಿಂಗಳ ಒಂದು ಮಾರಾಟ’ ಎಂಬ ಸಂಗತಿಯಾಗುವುದರಿಂದ ಅವೆರಡನ್ನು ಮೊದಲು ಆವರಣದೊಳಗೆ ಜೋಡಿಸಿ, ಆ ಜೋಡಿಯನ್ನು ತಿಂಡಿಗೆ ಲೆಫ್ಟ್ ಜಾಯಿನ್ ಮಾಡಬೇಕು:

ಸೆಲೆಕ್ಟ್ ತಿಂ.ಹೆಸರು
ಫ್ರಮ್ ತಿಂಡಿ ತಿಂ
ಲೆಫ್ಟ್ ಜಾಯಿನ್ ( ಬಿಲ್_ವಿವರ ವಿ
  ಜಾಯಿನ್ ಬಿಲ್ ಬಿ ಆನ್ ಬಿ.ಬಿಲ್_ಸಂಖ್ಯೆ = ವಿ.ಬಿಲ್_ಸಂಖ್ಯೆ
  ಆ್ಯಂಡ್ ಬಿ.ದಿನಾಂಕ >= '2025-06-01' ಆ್ಯಂಡ್ ಬಿ.ದಿನಾಂಕ < '2025-07-01' )
  ಆನ್ ವಿ.ತಿಂಡಿ_ಸಂಖ್ಯೆ = ತಿಂ.ತಿಂಡಿ_ಸಂಖ್ಯೆ
ವೇರ್ ಬಿ.ಬಿಲ್_ಸಂಖ್ಯೆ ಈಸ್ ನಲ್

ಆವರಣ ಹಾಕಿದ ಜಾಯಿನ್ ಕಣ್ಣಿಗೆ ಕಷ್ಟವೆನಿಸಿದರೆ ಇಲ್ಲಿಯೂ ನಾಟ್ ಎಕ್ಸಿಸ್ಟ್ಸ್ ಬರೆಯಬಹುದು, ಅರ್ಥ ಒಂದೇ. ಬರಿಯ ಜಾಯಿನ್‌ಗಳಲ್ಲಿ ಷರತ್ತು ಆನ್‌ನಲ್ಲಿದ್ದರೂ ವೇರ್‌ನಲ್ಲಿದ್ದರೂ ಫಲಿತಾಂಶ ಬದಲಾಗುವುದಿಲ್ಲ, ಲೆಫ್ಟ್ ಜಾಯಿನ್‌ನಲ್ಲಿ ಮಾತ್ರ ಬದಲಾಗುತ್ತದೆ.

ಹಳೆಯ ವರದಿಗಳಲ್ಲಿ ಕೋಷ್ಟಕಗಳನ್ನು ಫ್ರಮ್ ಮುಂದೆ ಅಲ್ಪವಿರಾಮದಿಂದ ಬರೆದು, ಷರತ್ತುಗಳನ್ನೆಲ್ಲ ವೇರ್‌ನಲ್ಲಿ ಹಾಕಿರುವುದನ್ನು ನೀವು ನೋಡಬಹುದು. ಜಾಯಿನ್ ಮತ್ತು ಆನ್ ಪದಗಳು ಈ ಕ್ವೆರಿಗಳ ಭಾಷೆಯಾದ ಎಸ್‌ಕ್ಯೂಎಲ್‌ನ 1992ರ ಮಾನಕದಲ್ಲಿ ಬಂದವು. ಅದಕ್ಕೂ ಹಿಂದಿನ ಬರವಣಿಗೆ ಅದು. ಅಲ್ಲಿ ಒಂದು ಷರತ್ತು ಮರೆತರೆ 500 ಬಿಲ್‌ಗಳೂ 1,500 ವಿವರಗಳೂ ಗುಣಿಸಿ 7,50,000 ಸಾಲುಗಳಾಗುತ್ತವೆ. ಹೊಸ ಬರವಣಿಗೆಯಲ್ಲಿ ಆನ್ ಮರೆತರೆ ಪೋಸ್ಟ್‌ಗ್ರೆಸ್ ಕ್ವೆರಿಯನ್ನೇ ಒಪ್ಪುವುದಿಲ್ಲ. ಇದೊಂದೇ ಕಾರಣಕ್ಕೆ ಹೊಸದನ್ನು ಬಳಸಬೇಕೆಂದು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ.

ಪ್ರಶ್ನೆ ಕೇಳಿದವರು – ಮುಲುಂಡ್, ಮುಂಬಯಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲೇ ಮಡಚಿ ಸೇರಿಸಿದ ಮೇಲೆ ಜೂನ್ ತಿಂಗಳ ಮೊತ್ತ ಗಲ್ಲಾದ ಪುಸ್ತಕಕ್ಕೆ ಹೊಂದಿತು, ಉದ್ರಿ ಬಿಲ್‌ಗಳೂ ಪ್ರತ್ಯೇಕವಾಗಿ ಕಂಡವು. ಇನ್ನು ಎರಡು ಸಂದೇಹಗಳಿವೆ. ಕೆಲವು ವರ್ಷಗಳ ಬಿಲ್‌ಗಳು ಸೇರಿರುವುದರಿಂದ ಕ್ವೆರಿ ನಿಧಾನವಾಗಿದೆ. ಜಾಯಿನ್‌ಗಳನ್ನು ಬರೆಯುವ ಕ್ರಮ ಬದಲಿಸಿದರೆ ವೇಗ ಹೆಚ್ಚುತ್ತದೆಯೇ? ಇನ್ನೊಂದು, ಬಿಲ್ ಕೋಷ್ಟಕಕ್ಕೆ ಈಗ ಗಲ್ಲಾದಲ್ಲಿ ಕುಳಿತವರ ಸಂಖ್ಯೆಯನ್ನೂ ಸೇರಿಸಿದ್ದೇವೆ. ಬಡಿಸಿದವರ ಹೆಸರೂ ಗಲ್ಲಾದವರ ಹೆಸರೂ ಒಂದೇ ಸಿಬ್ಬಂದಿ ಕೋಷ್ಟಕದಲ್ಲಿವೆ. ಎರಡನ್ನೂ ಒಟ್ಟಿಗೆ ತರುವುದು ಹೇಗೆ?

ಉತ್ತರ 4 – ಠಾಣೆ

ಕ್ರಮದ ವಿಷಯ ಮೊದಲು. ಬರಿಯ ಜಾಯಿನ್‌ಗಳನ್ನು ನೀವು ಯಾವ ಕ್ರಮದಲ್ಲಿ ಬರೆದರೂ ಡೇಟಾಬೇಸ್‌ನ ಆಪ್ಟಿಮೈಸರ್ ತನಗೆ ಅಗ್ಗವೆನಿಸಿದ ಕ್ರಮವನ್ನು ತಾನೇ ಆರಿಸಿಕೊಳ್ಳುತ್ತದೆ. ವೆಚ್ಚವನ್ನು ಅಂದಾಜು ಮಾಡಿ ಹೀಗೆ ಆರಿಸುವ ವಿಧಾನವನ್ನು ಐಬಿಎಂನ ಸಿಸ್ಟಂ ಆರ್ ಯೋಜನೆಯಲ್ಲಿ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು ರೂಪಿಸಿ 1979ರಲ್ಲಿ ಪ್ರಕಟಿಸಿದರು. ಇಂದಿನ ಬಹುತೇಕ ಡೇಟಾಬೇಸ್‌ಗಳು ಆ ದಾರಿಯಲ್ಲಿಯೇ ನಡೆಯುತ್ತವೆ. ಮೂರು ಕೋಷ್ಟಕಗಳನ್ನು ಒಂದರ ನಂತರ ಒಂದರಂತೆ ಸೇರಿಸಲು 6 ಕ್ರಮಗಳಿದ್ದರೆ ಹತ್ತು ಕೋಷ್ಟಕಗಳಿಗೆ 36,28,800 ಕ್ರಮಗಳಾಗುತ್ತವೆ. ಆದ್ದರಿಂದ ಪೋಸ್ಟ್‌ಗ್ರೆಸ್ ಒಂದು ಮಿತಿ ಇಟ್ಟುಕೊಂಡಿದೆ: ಜಾಯಿನ್_ಕೊಲ್ಯಾಪ್ಸ್_ಲಿಮಿಟ್ ಎಂಬ ಈ ಮಿತಿ ನಾವು ಬದಲಿಸದಿದ್ದರೆ 8 ಇರುತ್ತದೆ, ಅದನ್ನು ಮೀರಿದ ಉದ್ದದ ಕ್ವೆರಿಗಳಲ್ಲಿ ಮಾತ್ರ ನೀವು ಬರೆದ ಕ್ರಮಕ್ಕೆ ಬೆಲೆ ಬರುತ್ತದೆ. ನಿಮ್ಮ ನಾಲ್ಕೈದು ಕೋಷ್ಟಕಗಳಿಗೆ ಇದರ ಚಿಂತೆ ಬೇಡ.

ನೀವು ನೋಡಬೇಕಾದುದು ಇಂಡೆಕ್ಸ್, ಅಂದರೆ ಬೇಕಾದ ಸಾಲನ್ನು ಬೇಗ ಹುಡುಕಲು ಕಾಲಂಗೆ ಮಾಡಿಡುವ ಸೂಚಿ. ಬಿಲ್_ವಿವರದ ಬಿಲ್ ಸಂಖ್ಯೆಯನ್ನು ಫಾರಿನ್ ಕೀ (ಬೇರೆ ಕೋಷ್ಟಕದ ಸಾಲನ್ನು ಸೂಚಿಸುವ ಕಾಲಂ) ಎಂದು ಘೋಷಿಸಿದ್ದರೂ ಪೋಸ್ಟ್‌ಗ್ರೆಸ್ ಆ ಕಾಲಂಗೆ ತಾನಾಗಿ ಇಂಡೆಕ್ಸ್ ಮಾಡುವುದಿಲ್ಲ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಮಾಹಿತಿ ಸಂಗ್ರಹಿಸುವ ಇನ್ನೊಡಿಬಿ ಭಾಗ ಮಾಡುತ್ತದೆ, ಅದರಿಂದಾಗಿ ಅಲ್ಲಿಂದ ಇಲ್ಲಿಗೆ ಬಂದವರು ಇಲ್ಲಿಯೂ ಇರಬೇಕೆಂದು ತಿಳಿಯುತ್ತಾರೆ. ಬಿಲ್_ವಿವರ ಮತ್ತು ಪಾವತಿ ಎರಡರಲ್ಲೂ ಬಿಲ್ ಸಂಖ್ಯೆಗೆ, ಬಿಲ್‌ನಲ್ಲಿ ದಿನಾಂಕಕ್ಕೆ ಇಂಡೆಕ್ಸ್ ಇದೆಯೇ ನೋಡಿ. ಅದರ ಜೊತೆಗೆ, ಮಡಚುವ ಭಾಗದೊಳಗೂ ಬಿಲ್ ಕೋಷ್ಟಕವನ್ನು ಸೇರಿಸಿ ದಿನಾಂಕದ ಷರತ್ತನ್ನು ಅಲ್ಲಿಯೇ ಹಾಕಿ. ಇಲ್ಲವಾದರೆ ಒಂದು ತಿಂಗಳ ವರದಿಗಾಗಿ ಎಲ್ಲ ವರ್ಷಗಳ ವಿವರಗಳನ್ನೂ ಕೂಡಿಸುವ ಶ್ರಮ ನಡೆಯುತ್ತದೆ. ಬಿಲ್ ಮತ್ತು ವಿವರ ಎರಡನ್ನೇ ಸೇರಿಸುವಾಗ ಮೊತ್ತ ಉಬ್ಬುವ ಭಯವಿಲ್ಲ, ಏಕೆಂದರೆ ವಿವರದ ಪ್ರತಿ ಸಾಲಿಗೂ ಬಿಲ್ ಒಂದೇ.

ಆಮೇಲೆ ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅನಲೈಜ್ ಎಂದು ಬರೆದು ಓಡಿಸಿ, ಡೇಟಾಬೇಸ್ ಹಿಡಿದ ದಾರಿ ಕಾಣುತ್ತದೆ. ನೆಸ್ಟೆಡ್ ಲೂಪ್ ಎಂದು ಕಂಡರೆ ಒಂದು ಕಡೆಯ ಪ್ರತಿ ಸಾಲಿಗೂ ಇನ್ನೊಂದು ಕಡೆ ಹುಡುಕಾಟ ನಡೆದಿದೆ ಎಂದರ್ಥ. ಒಂದು ದಿನದ ಬಿಲ್‌ಗಳಿಗೆ, ಇಂಡೆಕ್ಸ್ ಇದ್ದಾಗ, ಇದು ಬಹಳ ವೇಗವಾದುದು. ಹ್ಯಾಶ್ ಜಾಯಿನ್ ಎಂದಿದ್ದರೆ ಚಿಕ್ಕ ಕೋಷ್ಟಕವನ್ನು ಮೆಮೊರಿಯಲ್ಲಿ ಸಂಖ್ಯೆವಾರು ವಿಂಗಡಿಸಿಟ್ಟು ದೊಡ್ಡದನ್ನು ಒಮ್ಮೆ ಓದಿದೆ; ವರ್ಷವಿಡೀ ವರದಿಗೆ ಇದೇ ಸರಿ, ಅಲ್ಲಿ ಇಂಡೆಕ್ಸ್ ಬಳಕೆಯಾಗಲಿಲ್ಲವೆಂದು ಬೇಸರಪಡಬೇಕಿಲ್ಲ. ಎರಡೂ ಕಡೆಯ ಸಾಲುಗಳು ಸಂಖ್ಯೆಯ ಕ್ರಮದಲ್ಲಿದ್ದರೆ, ಎರಡನ್ನೂ ಅಕ್ಕಪಕ್ಕ ಓದುತ್ತ ಜೋಡಿಸುವ ಮರ್ಜ್ ಜಾಯಿನ್ ಬರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅಂದಾಜು ಸಾಲುಗಳ ಸಂಖ್ಯೆಯೂ ನಿಜವಾಗಿ ಬಂದ ಸಂಖ್ಯೆಯೂ ಬಹಳ ದೂರವಿದ್ದರೆ ಅನಲೈಜ್ ಆಜ್ಞೆಯಿಂದ ಆ ಕೋಷ್ಟಕಗಳ ಅಂಕಿ ಅಂಶಗಳನ್ನು ಹೊಸದಾಗಿಸಿ. ತಪ್ಪು ಅಂದಾಜಿನ ಮೇಲೆ ಆಪ್ಟಿಮೈಸರ್ ತಪ್ಪು ದಾರಿಯನ್ನೇ ಆರಿಸುತ್ತದೆ.

ಸಿಬ್ಬಂದಿಯ ಪ್ರಶ್ನೆಗೆ ಉತ್ತರ ಚಿಕ್ಕದು. ಒಂದೇ ಕೋಷ್ಟಕವನ್ನು ಎರಡು ಬೇರೆ ಅಡ್ಡಹೆಸರುಗಳಿಂದ ಎರಡು ಬಾರಿ ಜಾಯಿನ್ ಮಾಡಿ:

ಫ್ರಮ್ ಬಿಲ್ ಬಿ
ಲೆಫ್ಟ್ ಜಾಯಿನ್ ಸಿಬ್ಬಂದಿ ಬಡಿಸಿದವರು ಆನ್ ಬಡಿಸಿದವರು.ಸಂಖ್ಯೆ = ಬಿ.ವೇಟರ್_ಸಂಖ್ಯೆ
ಲೆಫ್ಟ್ ಜಾಯಿನ್ ಸಿಬ್ಬಂದಿ ಗಲ್ಲಾದವರು ಆನ್ ಗಲ್ಲಾದವರು.ಸಂಖ್ಯೆ = ಬಿ.ಗಲ್ಲಾ_ಸಂಖ್ಯೆ

ಒಂದೇ ಬಾರಿ ಜಾಯಿನ್ ಮಾಡಿ ಎರಡೂ ಷರತ್ತುಗಳನ್ನು ಆ್ಯಂಡ್‌ನಿಂದ ಕಟ್ಟಿದರೆ, ಬಡಿಸಿದವರೇ ಗಲ್ಲಾದಲ್ಲಿಯೂ ಕುಳಿತಿದ್ದ ಬಿಲ್‌ಗಳಿಗೆ ಮಾತ್ರ ಹೆಸರು ಬರುತ್ತದೆ. ನ್ಯಾಚುರಲ್ ಜಾಯಿನ್ ಎಂಬ ಸುಲಭದ ದಾರಿಯನ್ನಂತೂ ಈ ಡೇಟಾಬೇಸ್‌ನಲ್ಲಿ ಎಲ್ಲಿಯೂ ಹಿಡಿಯಬೇಡಿ. ಅದು ಹೆಸರು ಒಂದೇ ಇರುವ ಎಲ್ಲ ಕಾಲಂಗಳನ್ನೂ ತಾನೇ ಹೊಂದಿಸುತ್ತದೆ. ನಾಳೆ ಪಾವತಿ ಕೋಷ್ಟಕಕ್ಕೂ ‘ದಿನಾಂಕ’ ಎಂಬ ಕಾಲಂ ಸೇರಿಸಿದಿರಾದರೆ, ಬಿಲ್ ಮಾಡಿದ ದಿನವೇ ಹಣ ಬಂದ ಬಿಲ್‌ಗಳು ಮಾತ್ರ ಉಳಿದು, ತಿಂಗಳ ಕೊನೆಗೆ ತೀರಿದ ಉದ್ರಿ ಬಿಲ್‌ಗಳೆಲ್ಲ ವರದಿಯಿಂದ ಜಾರಿಹೋಗುತ್ತವೆ.